ಉಬ್ಬಸಕ್ಕೆ ನೂರೆಂಟು ಕೈ

ಸಕ್ಕರೆ ಕಾಯಿಲೆಯವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಬಿ.ಪಿ.ಯವರನ್ನು ಕಂಡರೂ ಅಷ್ಟೆ. ಅವರದು ಮರ್ಯಾದಸ್ತ ಕಾಯಿಲೆ, ಸದ್ದು ಮಾಡುವುದಿಲ್ಲ. ಮದುವೆ ಮನೆಯಲ್ಲಿ ಎರಡನೇ ಹೋಳಿಗೆಗೆ ಕೈ ಚಾಚಿದಾಗ ಹೆಂಡತಿ ಕಣ್ಣು ಬಿಡುವವರೆಗೆ, ಇಂಥವರಿಗೆ ಸಕ್ಕರೆ ಇದೆಯೆಂದು ಪಂಕ್ತಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಉಬ್ಬಸದವನಿಗೆ ಆ ಭಾಗ್ಯ ಎಲ್ಲಿ ಬಂತು? ಲಿಫ್ಟ್ ಕೆಟ್ಟ ಕಲ್ಯಾಣ ಮಂಟಪದಲ್ಲಿ ಮೆಟ್ಟಿಲು ಹತ್ತಿ ಬಂದು ಕುರ್ಚಿಗೆ ಒರಗಿದರೆ ಸಾಕು, ಎದೆಯೊಳಗಿನ ಓಲಗ ಶುರು. ಹೊರಗಿನ ಓಲಗದವರಾದರೂ ಊಟಕ್ಕೆ ಏಳುತ್ತಾರೆ, ಒಳಗಿನವರು ಏಳುವುದಿಲ್ಲ.

ಆ ಸುಯ್‌ಸುಯ್ ಕಿವಿಗೆ ಬಿದ್ದದ್ದೇ ತಡ, ಸುತ್ತಲಿದ್ದವರ ಕೈ ಸುಮ್ಮನಿರುವುದಿಲ್ಲ. ಸಕ್ಕರೆಯವರಿಗೆ ಸಿಗುವುದು ಬರೀ ಬಾಯಿಮಾತಿನ ಸಲಹೆ. ಹಾಗಲಕಾಯಿ ರಸ ಕುಡಿಯಿರಿ, ಮೆಂತ್ಯ ನೆನೆಹಾಕಿ, ಅಲ್ಲಿಗೆ ಮುಗಿಯಿತು. ಉಬ್ಬಸದವನಿಗೆ ಸಲಹೆಯ ಜೊತೆ ಪ್ರಾತ್ಯಕ್ಷಿಕೆಯೂ ಪುಕ್ಕಟೆ. ಒಬ್ಬರು ಬೆನ್ನು ನೀವುತ್ತಾರೆ. ಇನ್ನೊಬ್ಬರು ಹೆಬ್ಬೆರಳಿನ ಬುಡ ಹಿಸುಕುತ್ತಾರೆ. ಮತ್ತೊಬ್ಬರು, "ಎಲ್ಲಿ, ಸ್ವಲ್ಪ ಪಾದ ಕೊಡಿ" ಅನ್ನುತ್ತಾರೆ. ಹಾಗೆ ಕೇಳಿದವರು ವಯಸ್ಸಿನಲ್ಲಿ ಹಿರಿಯರಾಗಿದ್ದರೆ ಉಬ್ಬಸದ ಜೊತೆಗೆ ಪಾಪ ಸುತ್ತಿಕೊಳ್ಳುವ ಭಯ ಬೇರೆ. ಮೈ ಮುಟ್ಟಿ ದಮ್ಮು ಇಳಿಸುವ ವಿದ್ಯೆ ಬಲ್ಲವರು ನಮ್ಮ ನಾಡಿನಲ್ಲಿ ಎಷ್ಟು ಮಂದಿ ಇದ್ದಾರೆಂಬುದು ದಮ್ಮು ಇದ್ದವನಿಗೇ ಗೊತ್ತು.

ನಮ್ಮ ಬಳಗದಲ್ಲಿ ಈ ವಿದ್ಯೆಯ ಅಗ್ರಪೂಜೆ ನನ್ನ ಷಡ್ಡಕರಿಗೆ ಸಲ್ಲಬೇಕು. ಸರ್ಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ ಅವರು ಫೈಲು ಬಿಟ್ಟು ಮನುಷ್ಯರ ಮೈ ಹಿಡಿದಿದ್ದಾರೆ. ಬೇಸಗೆ ಬಂತೆಂದರೆ ಎಲ್ಲಾದರೂ ಒಂದು ಶಿಬಿರ. ಶಿಬಿರ ಮುಗಿದ ಮೇಲೆ ನೇರ ನಮ್ಮ ಮನೆ. ವಿದ್ಯೆ ಅವರಲ್ಲಿದೆ, ಕಾಯಿಲೆ ನನ್ನಲ್ಲಿದೆ. ಹೀಗಾಗಿ ನೆಂಟಸ್ತಿಕೆ ಎಂದೂ ಸಡಿಲವಾಗಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನನ್ನ ಇನ್‌ಹೇಲರ್ ಪಂಪಿನ ವಿಚಾರಣೆ ಶುರುವಾಗುತ್ತದೆ.

"ಏನ್ರೀ ಷಡ್ಡಕ್ರೇ, ಇನ್ನೂ ಆ ಪಂಪು ಹೊಡ್ಕೋತಾನೇ ಇದೀರಾ?"

"ಹೊಡ್ಕೋತಾ ಇರೋದ್ರಿಂದಲೇ ನಿಮಗೆ ಬಾಗಿಲು ತೆಗೆಯೋಕೆ ಎದ್ದು ಬಂದೆ" ಅನ್ನುತ್ತೇನೆ. ಅವರಿಗೆ ಅದು ಕೇಳಿಸುವುದಿಲ್ಲ. ಅಷ್ಟರಲ್ಲಿ ನನ್ನ ಮಣಿಕಟ್ಟು ಅವರ ವಶವಾಗಿರುತ್ತದೆ.

ಷಡ್ಡಕರ ಶಿಬಿರಗಳಿಗಿಂತ ಹಳೆಯದು ಅಜ್ಜಿಯರ ವಿಶ್ವವಿದ್ಯಾಲಯ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬೆಚ್ಚಗೆ ಮಾಡಿ ಎದೆಗೆ ತಿಕ್ಕುವುದು, ಹಳೇ ಪಂಚೆಯ ತುಂಡಿನಲ್ಲಿ ಉಪ್ಪು ಕಟ್ಟಿ ಕಾವಲಿಯ ಮೇಲೆ ಕಾಯಿಸಿ ಶಾಖ ಕೊಡುವುದು ಅಲ್ಲಿನ ಪಠ್ಯ. ಅಡುಗೆಮನೆಯ ವೈದ್ಯ ಎಂದು ಇದನ್ನು ತಳ್ಳಿಹಾಕುವ ಹಾಗಿಲ್ಲ. ಚರಕ ಸಂಹಿತೆ ಐದು ಬಗೆಯ ಶ್ವಾಸರೋಗ ಹೇಳುತ್ತದೆ. ಅದರಲ್ಲಿ ನಮ್ಮ ಉಬ್ಬಸಕ್ಕೆ ಹತ್ತಿರದ್ದು ತಮಕ ಶ್ವಾಸ. ಮೋಡ ಕವಿದರೆ, ತಂಗಾಳಿ ಬೀಸಿದರೆ ಜೋರಾಗುತ್ತದೆ, ಮಲಗಿದರೆ ಕಷ್ಟ, ಎದ್ದು ಕೂತರೆ ಸುಖ, ಬಿಸಿ ಬೇಕೆನಿಸುತ್ತದೆ. ಈ ವರ್ಣನೆ ಓದಿದರೆ ಚರಕರು ಯಾವುದೋ ಆಷಾಢದಲ್ಲಿ ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲೇ ಇಳಿದುಕೊಂಡಿದ್ದರೇನೋ ಅನಿಸುತ್ತದೆ. ಅವರು ಹೇಳುವ ಮೊದಲ ಉಪಚಾರವೂ ಉಪ್ಪು ಬೆರೆಸಿದ ಎಣ್ಣೆ ಸವರಿ ಬೆವರಿಳಿಸುವುದೇ. ಗಟ್ಟಿ ಕಟ್ಟಿದ ಕಫ ಕರಗಿ ದಾರಿ ಬಿಡಲಿ ಎಂಬ ಲೆಕ್ಕ.

ಅಜ್ಜಿಯ ಬಟ್ಟಲಿನ ಜಾಗಕ್ಕೆ ಆಮೇಲೆ ಅಂಗಡಿಯ ಡಬ್ಬಿ ಬಂತು. ಅಮೃತಾಂಜನ 1893ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಅಮೆರಿಕದಿಂದ ವಿಕ್ಸ್ ಬಂತು. ಎದೆಗೆ, ಬೆನ್ನಿಗೆ, ಅಂಗಾಲಿಗೆ, ಕೊನೆಗೆ ಮೂಗಿನ ಹೊಳ್ಳೆಗೂ ಬಳಿದುಕೊಂಡು ಘಮಘಮಿಸುತ್ತ ಮಲಗಿದವನಿಗೆ "ಆಹಾ, ಉಸಿರು ಸಲೀಸಾಯಿತು" ಅನ್ನಿಸುತ್ತದೆ. ಇಲ್ಲೊಂದು ತಮಾಷೆ ಇದೆ. ಈ ಮುಲಾಮುಗಳಲ್ಲಿರುವ ಮೆಂಥಾಲ್, ಮೂಗಿನಲ್ಲಿ ತಂಪನ್ನು ಗುರುತಿಸುವ ನರಗಳನ್ನು ಕೆಣಕುತ್ತದೆ. ಗಾಳಿ ತಣ್ಣಗೆ ಒಳಹೋಗುತ್ತಿದೆಯೆಂದು ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಅಳೆದು ನೋಡಿದರೆ ಗಾಳಿ ಮೊದಲು ಎಷ್ಟು ಹೋಗುತ್ತಿತ್ತೋ ಅಷ್ಟೇ ಹೋಗುತ್ತಿರುತ್ತದೆ. ಮೂಗು ಕಟ್ಟಿದ್ದು ಕಟ್ಟಿದ ಹಾಗೇ ಇದೆ, ಮನಸ್ಸು ಬಿಚ್ಚಿಕೊಂಡಿದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಈಗ ಬೆಳಗಿನ ಪಾರ್ಕಿಗೆ ಬನ್ನಿ. ಅಲ್ಲಿ ನಡೆಯುವವರಿಗಿಂತ ಒತ್ತಿಕೊಳ್ಳುವವರೇ ಹೆಚ್ಚು. ಕೈಯಲ್ಲಿ ಮುಳ್ಳುಮುಳ್ಳಿನ ಮರದ ರೋಲರ್, ಕಾಲಲ್ಲಿ ಗುಳ್ಳೆಗುಳ್ಳೆಯ ಚಪ್ಪಲಿ, ಬೆರಳಲ್ಲಿ ಸ್ಪ್ರಿಂಗಿನ ಉಂಗುರ. ಒಂದು ಮೂಲೆಯಲ್ಲಿ ಚಪ್ಪಾಳೆಯವರು, ಇನ್ನೊಂದು ಮೂಲೆಯಲ್ಲಿ ಕೂದಲು ಬರಲೆಂದು ಉಗುರಿಗೆ ಉಗುರು ಉಜ್ಜುವ ಬೋಳುತಲೆಯವರು. ಈ ಮಂದಿಯ ನಡುವೆ ಒಂದು ಸಲ ಕೆಮ್ಮಿದಿರೋ, ಕೆಟ್ಟಿರಿ. ಕಲ್ಲುಬೆಂಚು ಚಿಕಿತ್ಸಾಲಯವಾಗುತ್ತದೆ.

ಷಡ್ಡಕರು ಅಕ್ಯುಪ್ರೆಶರ್ ಕಲಿತು ಬಂದದ್ದು ಇಂಥ ಬೆಂಚಿನಿಂದಲೇ. ಚೀನೀ ವೈದ್ಯದ ಪ್ರಕಾರ ಶ್ವಾಸಕೋಶದ ಪ್ರಾಣಶಕ್ತಿ ಹರಿಯುವ ದಾರಿ ಭುಜದ ಹತ್ತಿರ, ಕೊರಳೆಲುಬಿನ ಕೆಳಗೆ ಮೈಮೇಲೆ ಕಾಣಿಸಿಕೊಂಡು, ತೋಳಿನಲ್ಲಿ ಇಳಿದು, ಹೆಬ್ಬೆರಳಿನ ಉಗುರಿನ ಬುಡದಲ್ಲಿ ಮುಗಿಯುತ್ತದೆ. ಮಣಿಕಟ್ಟಿನಿಂದ ಸ್ವಲ್ಪ ಮೇಲೆ ಒಂದು ಬಿಂದು, ಎದೆಯ ನಟ್ಟನಡುವೆ ಒಂದು, ಬೆನ್ನಿನಲ್ಲಿ ಹೆಗಲ ಮೂಳೆಗಳ ನಡುವೆ ಒಂದು ಜೋಡಿ. ಕತ್ತು ಬಗ್ಗಿಸಿದಾಗ ಹಿಂದೆ ಎದ್ದು ಕಾಣುವ ಮೂಳೆಯ ಎರಡೂ ಪಕ್ಕದಲ್ಲಿ ಇರುವುದಂತೂ ಉಬ್ಬಸಕ್ಕೇ ಮೀಸಲಾದ ಡಿಂಗ್‌ಚುವಾನ್ ಎಂಬ ಬಿಂದು. ಷಡ್ಡಕರು ಒತ್ತಿದ ರಭಸಕ್ಕೆ ನಾನು "ಅಯ್ಯೋ" ಎಂದೆ. "ನೋಡಿದ್ರಾ, ನೋವಾಯ್ತು ಅಂದ್ರೆ ಅಲ್ಲೇ ಬ್ಲಾಕ್ ಇದೆ" ಎಂದರು. ಹಾಗೆ ಒತ್ತಿದರೆ ಪಾರ್ಕಿನ ಕಲ್ಲುಬೆಂಚಿಗೂ ನೋವಾಗುತ್ತಿತ್ತು.

ಮರುವರ್ಷ ಸುಜೋಕ್ ಬಂತು. ಪಾರ್ಕ್ ಜೇ ವೂ ಎಂಬ ಕೊರಿಯಾದವರು ಕಟ್ಟಿದ ಪದ್ಧತಿ. ಇದರಲ್ಲಿ ಅಂಗೈಯೇ ಇಡೀ ದೇಹ: ಹೆಬ್ಬೆರಳು ತಲೆ, ಅದರ ಬುಡದ ಉಬ್ಬು ಎದೆ. ಆ ಉಬ್ಬಿನ ಮೇಲೆ ಕಾಳುಗಳನ್ನಿಟ್ಟು ಪ್ಲಾಸ್ಟರ್ ಅಂಟಿಸಿ ಆಗಾಗ ಒತ್ತಿಕೊಳ್ಳಬೇಕು. ಷಡ್ಡಕರು ನಮ್ಮ ಮನೆಯ ಮೆಂತ್ಯವನ್ನೇ ಧಾರಾಳವಾಗಿ ಬಳಸಿದರು. ಸಂಜೆ ನನ್ನವಳು ಒಗ್ಗರಣೆ ಸೌಟು ಹಿಡಿದು ಬಂದು, "ರೀ, ಡಬ್ಬಿ ಖಾಲಿ. ಒಂದು ನಾಲ್ಕು ಕಾಳು ನಿಮ್ಮ ಎದೆಯಿಂದ ಕೊಡಿ, ಹುಳಿ ಕುದೀತಾ ಇದೆ" ಎಂದಳು.

ಅದಾದ ಮೇಲೆ ಪಾದದ ಸರದಿ. ರಿಫ್ಲೆಕ್ಸಾಲಜಿ ಎಂಬ ಈ ಪಾದಪೂಜೆಗೆ ಮೂಲಪುರುಷ ವಿಲಿಯಂ ಫಿಟ್ಜ್‌ಜೆರಾಲ್ಡ್ ಎಂಬ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ. ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲಿ ಆತ ದೇಹವನ್ನು ಉದ್ದುದ್ದ ಹತ್ತು ಪಟ್ಟಿ ಮಾಡಿ ಹಂಚಿದ. 1930ರ ದಶಕದಲ್ಲಿ ಯುನಿಸ್ ಇಂಗಮ್ ಎಂಬಾಕೆ ಆ ಪಟ್ಟಿಗಳನ್ನೆಲ್ಲ ಅಂಗಾಲಿಗೆ ಇಳಿಸಿ ನಕ್ಷೆ ಬರೆದರು. ಕಾಲ್ಬೆರಳುಗಳ ಕೆಳಗಿನ ಮೆತ್ತೆಯಲ್ಲಿ ಶ್ವಾಸಕೋಶ, ಹಿಮ್ಮಡಿಯ ಕಡೆ ಕರುಳು. ಬೆಂಗಳೂರಿನಲ್ಲಿ ಸೈಟಿನ ನಕ್ಷೆಯನ್ನು ಮೂರು ಸಲ ವಕೀಲರಿಗೆ ತೋರಿಸುವವರೂ ಪಾದದ ನಕ್ಷೆಯನ್ನು ಒಂದೇ ನೋಟಕ್ಕೆ ನಂಬುತ್ತಾರೆ. ಚೀನದವರು ತೋಳಿನಲ್ಲಿದೆ ಎಂದರು, ಕೊರಿಯಾದವರು ಅಂಗೈಯಲ್ಲಿದೆ ಎಂದರು, ಅಮೆರಿಕದವರು ಅಂಗಾಲಿನಲ್ಲಿದೆ ಎಂದರು. ನನ್ನ ಶ್ವಾಸಕೋಶಕ್ಕೆ ಇಷ್ಟೊಂದು ವಿಳಾಸ ಇದೆಯೆಂದು ನನಗೇ ಗೊತ್ತಿರಲಿಲ್ಲ. ಎದೆಯಲ್ಲಿದೆ ಎಂದವರು ಮಾತ್ರ ಯಾರೂ ಇಲ್ಲ.

ಡೆನ್ಮಾರ್ಕಿನವರಿಗೆ ಈ ವಿಷಯದಲ್ಲಿ ಭಕ್ತಿ ಕಡಿಮೆಯೆಂದು ಕಾಣುತ್ತದೆ. 40 ಮಂದಿ ಉಬ್ಬಸದವರನ್ನು ಕರೆದು, ಹತ್ತು ವಾರ, ಕೆಲವರಿಗೆ ನಕ್ಷೆಯ ಪ್ರಕಾರ ಪಾದ ಒತ್ತಿದರು. ಉಳಿದವರಿಗೆ ಒತ್ತುವ ನಾಟಕ ಆಡಿದರು. 2001ರಲ್ಲಿ ಫಲಿತಾಂಶ ಅಚ್ಚಾಯಿತು. ಊದಿಸಿ ಅಳೆದರೆ ಶ್ವಾಸಕೋಶದ ಶಕ್ತಿ ಇದ್ದಲ್ಲೇ ಇತ್ತು. ಉಬ್ಬಸದ ತೊಂದರೆ ಎರಡೂ ಗುಂಪಿನವರಿಗೆ ಒಂದಿಷ್ಟು ಕಡಿಮೆ ಅನ್ನಿಸಿತ್ತು. ಅಂದರೆ ನಕ್ಷೆಯಿಂದ ಏನೂ ಆಗಲಿಲ್ಲ. ಪಾದವನ್ನು ಒಬ್ಬರು ಹಿಡಿದುಕೊಂಡು ಕೂತದ್ದರಿಂದ ಏನೋ ಆಯಿತು.

ಪಾದದಿಂದ ಷಡ್ಡಕರು ಬೆನ್ನಿಗೆ ಬಡ್ತಿ ಪಡೆದರು. ಮೊಬೈಲಿನಲ್ಲಿ ನೀವೂ ನೋಡಿರುತ್ತೀರಿ: ಯಾರದೋ ಕತ್ತು ಹಿಡಿದು ತಿರುವಿದರೆ "ಕಟಕ್", ಬೆನ್ನು ಅದುಮಿದರೆ "ಕಟಕಟ", ಎದ್ದವನ ಕಣ್ಣಲ್ಲಿ ಆನಂದಬಾಷ್ಪ. ಬೆನ್ನಿನ ನೆಟಿಗೆ ತೆಗೆಯುವ ಈ ಕೈರೋಪ್ರ್ಯಾಕ್ಟಿಕ್ ಶುರುವಾದದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡಾವೆನ್‌ಪೋರ್ಟ್ ಊರಿನಲ್ಲಿ. ಡಿ.ಡಿ. ಪಾಮರ್ ಎಂಬ ಕಾಂತಚಿಕಿತ್ಸೆಯವನು ಕಟ್ಟಡದ ಜಾಡಮಾಲಿಯ ಬೆನ್ನು ಒತ್ತಿ ಅವನ ಕಿವುಡು ವಾಸಿ ಮಾಡಿದೆ ಅಂದ. ಬೆನ್ನಿನಿಂದ ಕಿವಿ ವಾಸಿಯಾದ ಮೇಲೆ ಉಬ್ಬಸ ಯಾವ ಲೆಕ್ಕ? ನಾವೂ ಈ ವಿಷಯದಲ್ಲಿ ಕಡಿಮೆಯವರಲ್ಲ. ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗಿ ಒದೆಸಿಕೊಂಡು ಬರುವ ಪದ್ಧತಿ ನಮ್ಮ ಹಳ್ಳಿಗಳಲ್ಲಿದೆ. ಪಾಮರ್ ಅದಕ್ಕೆ ಕಾಲೇಜು ಕಟ್ಟಿದ, ನಾವು ಕಟ್ಟಲಿಲ್ಲ, ಅಷ್ಟೇ ವ್ಯತ್ಯಾಸ.

ಕೆನಡಾದಲ್ಲಿ ಇದಕ್ಕೂ ಒರೆ ಹಚ್ಚಿ ನೋಡಿದರು. ಉಬ್ಬಸದ 91 ಮಕ್ಕಳನ್ನು ಸೇರಿಸಿಕೊಂಡು ನಾಲ್ಕು ತಿಂಗಳು ಅರ್ಧ ಮಂದಿಗೆ ನಿಜವಾದ ಕಟಕ್, ಉಳಿದವರಿಗೆ ಬರೀ ಮೆಲ್ಲಗೆ ಬೆನ್ನು ಸವರುವುದು. ಮಕ್ಕಳ ಮಾಮೂಲಿ ಔಷಧಿ ಹಾಗೇ ನಡೆದಿತ್ತು. 1998ರಲ್ಲಿ ಹೊರಬಿದ್ದ ಲೆಕ್ಕದಲ್ಲಿ ಎರಡೂ ಗುಂಪಿನ ಮಕ್ಕಳ ತೊಂದರೆ ಇಳಿದಿತ್ತು, ಎರಡೂ ಗುಂಪಿನವರು ಹುಷಾರಾಗಿದ್ದರು. ಕಟಕ್ ಅನ್ನಿಸಿಕೊಂಡವರಿಗೆ ಹೆಚ್ಚಿನ ಲಾಭವೇನೂ ಸಿಕ್ಕಿರಲಿಲ್ಲ. ಮತ್ತೆ ಅದೇ ಕತೆ ನೋಡಿ. ವಿದ್ಯೆ ಸೋತಿತು, ಕೈ ಗೆದ್ದಿತು.

ಮುಟ್ಟಿ ಗುಣಪಡಿಸುವವರನ್ನು ಒಪ್ಪಬಹುದು, ಮುಟ್ಟದೆಯೇ ಗುಣಪಡಿಸುವವರೂ ಇದ್ದಾರೆ. ಮೈಯಿಂದ ನಾಲ್ಕು ಬೆರಳು ದೂರದಲ್ಲಿ ಕೈಯಾಡಿಸಿ ನಿಮ್ಮ ಪ್ರಭಾವಲಯದ ಸುಕ್ಕು ಬಿಡಿಸುವುದು ಇವರ ಕೆಲಸ. ಇಂಥದ್ದೇ ಒಂದು ವಿದ್ಯೆ 1970ರ ದಶಕದಲ್ಲಿ ಅಮೆರಿಕದ ನರ್ಸುಗಳ ನಡುವೆ ಥೆರಪ್ಯೂಟಿಕ್ ಟಚ್ ಎಂಬ ಹೆಸರಿನಲ್ಲಿ ಹಬ್ಬಿತು. ಎಮಿಲಿ ರೋಸಾ ಎಂಬ ಒಂಬತ್ತು ವರ್ಷದ ಹುಡುಗಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಇದನ್ನು ಪರೀಕ್ಷೆಗೆ ಎಳೆದಳು. ನಡುವೆ ರಟ್ಟಿನ ಮರೆ. ಅದರ ಕಂಡಿಯಲ್ಲಿ ಪರಿಣತರು ಎರಡೂ ಕೈ ತೂರಿಸಬೇಕು. ಹುಡುಗಿ ನಾಣ್ಯ ಚಿಮ್ಮಿ, ಬಿದ್ದ ಕಡೆಯ ಕೈಯ ಮೇಲೆ ತನ್ನ ಕೈ ಹಿಡಿಯುತ್ತಾಳೆ. ಯಾವ ಕೈಯ ಹತ್ತಿರ ಶಕ್ತಿ ಬಂತು, ಹೇಳಿ? 21 ಪರಿಣತರು 280 ಸಲ ಉತ್ತರಿಸಿದರು. ಸರಿಯಾದದ್ದು ನೂರಕ್ಕೆ 44. ಕಣ್ಣು ಮುಚ್ಚಿ ಹೇಳಿದ್ದರೂ ನೂರಕ್ಕೆ 50 ಬರುತ್ತಿತ್ತು. ಅದು 1998ರಲ್ಲಿ ಅಮೆರಿಕದ ದೊಡ್ಡ ವೈದ್ಯ ಪತ್ರಿಕೆಯಲ್ಲಿ ಅಚ್ಚಾದಾಗ ಹುಡುಗಿಗೆ ಹನ್ನೊಂದು ವರ್ಷ. ನಮ್ಮಲ್ಲಾಗಿದ್ದರೆ "ದೊಡ್ಡೋರ ಹತ್ರ ಹಾಗೆಲ್ಲ ಕೇಳ್ಬಾರ್ದು ಪುಟ್ಟಿ" ಎಂದು ಅಲ್ಲೇ ಮುಗಿಸುತ್ತಿದ್ದೆವು.

ಇಷ್ಟು ಹೇಳಿದ್ದಕ್ಕೆ ನಾನು ಕೈಗಳ ಶತ್ರು ಎಂದುಕೊಳ್ಳಬೇಡಿ. ಅದೇ 1998ರಲ್ಲಿ ಕೈಗಳ ಪರವಾಗಿಯೂ ಒಂದು ಸಾಕ್ಷಿ ಬಂತು. ಮಯಾಮಿ ವಿಶ್ವವಿದ್ಯಾಲಯದಲ್ಲಿ ಸ್ಪರ್ಶದ ಸಂಶೋಧನೆಗೆಂದೇ ಒಂದು ಸಂಸ್ಥೆ ಇದೆ. ಅಲ್ಲಿನ ಟಿಫನಿ ಫೀಲ್ಡ್ ಮತ್ತು ಜೊತೆಯವರು ಉಬ್ಬಸದ 32 ಮಕ್ಕಳನ್ನು ಆರಿಸಿ, ಕೆಲವರ ಅಪ್ಪ-ಅಮ್ಮಂದಿರಿಗೆ ಮೈ ನೀವುವುದನ್ನು ಕಲಿಸಿದರು. ಮಲಗುವ ಮುಂಚೆ 20 ನಿಮಿಷ, 30 ರಾತ್ರಿ. ಉಳಿದ ಮಕ್ಕಳಿಗೆ ಮೈ ಸಡಿಲಿಸಿ ವಿಶ್ರಮಿಸುವ ಅಭ್ಯಾಸ. ನೀವಿಸಿಕೊಂಡ ಚಿಕ್ಕ ಮಕ್ಕಳ ಗಾಬರಿ ಇಳಿಯಿತು, ಒತ್ತಡದ ಹಾರ್ಮೋನು ಇಳಿಯಿತು, ಊದುವ ಶಕ್ತಿಯೂ ಅಷ್ಟಿಷ್ಟು ಏರಿತು. ಒಂಬತ್ತರಿಂದ ಹದಿನಾಲ್ಕು ವರ್ಷದ ದೊಡ್ಡ ಮಕ್ಕಳಲ್ಲಿ ಲಾಭ ಅಷ್ಟಕ್ಕಷ್ಟೆ. 32 ಮಕ್ಕಳ ಪರೀಕ್ಷೆ ಚಿಕ್ಕದೇ; ಅದರ ಮೇಲೆ ದೊಡ್ಡ ಮಾತಾಡುವಂತಿಲ್ಲ. ಆದರೂ ಮಗುವಿಗೆ ನಿದ್ದೆ ಹತ್ತುವವರೆಗೆ ಬೆನ್ನು ನೀವುವ ಅಮ್ಮನಿಗೆ ಅಮೆರಿಕದ ಸರ್ಟಿಫಿಕೇಟು ಸಿಕ್ಕಿತಲ್ಲ, ಸಂತೋಷ.

ಸ್ವೀಡನ್ನಿನ ನರವಿಜ್ಞಾನಿಗಳು ಇದಕ್ಕೆ ಇನ್ನೊಂದು ಎಳೆ ಸೇರಿಸಿದ್ದಾರೆ. ನಮ್ಮ ಚರ್ಮದಲ್ಲಿ ಮೆಲ್ಲನೆಯ ಸವರುವಿಕೆಗೇ ಸ್ಪಂದಿಸುವ ಒಂದು ಜಾತಿಯ ನರತಂತುಗಳಿವೆ. ಕೈ ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರ್ ವೇಗದಲ್ಲಿ ಸರಿದರೆ ಅವು ಎಚ್ಚೆತ್ತು ಹಿತದ ಸುದ್ದಿ ಕಳಿಸುತ್ತವೆ. ಅದಕ್ಕಿಂತ ಜೋರಾಗಿ ತಿಕ್ಕಿದರೆ ಸುಮ್ಮನಾಗುತ್ತವೆ. ಅಜ್ಜಿಯ ಕೈ ಈ ವೇಗಮಿತಿಯನ್ನು ಎಂದೂ ಮೀರಿದ್ದಿಲ್ಲ. ಷಡ್ಡಕರು ಮಾತ್ರ ಬೆನ್ನಿನ ಮೇಲೆ ನೈಸ್ ರಸ್ತೆಯಲ್ಲಿ ಹೋದಂತೆ ಹೋಗುತ್ತಾರೆ.

ಇನ್ನೂ ಒಂದು ಮಾತು ಕೈಗಳ ಪರವಾಗಿ. ಉಬ್ಬಸದಲ್ಲಿ ಕಷ್ಟ ಇರುವುದು ಉಸಿರು ಎಳೆಯುವುದಕ್ಕಿಂತ ಬಿಡುವುದರಲ್ಲಿ. ಒಳಗೆ ಹೋದ ಗಾಳಿ ಪೂರ್ತಿ ಹೊರಬರದೆ ಸಿಕ್ಕಿಕೊಳ್ಳುತ್ತದೆ. ಎದೆ ಉಬ್ಬಿಯೇ ಇರುತ್ತದೆ, ಹೆಗಲು ಕಿವಿಗೆ ತಾಗುತ್ತದೆ, ಮಾಮೂಲಿ ದಿನಗಳಲ್ಲಿ ಉಸಿರಾಟಕ್ಕೆ ಬಾರದ ಕತ್ತಿನ, ಹೆಗಲಿನ ಸ್ನಾಯುಗಳೆಲ್ಲ ಕೂಲಿಗೆ ಬರುತ್ತವೆ. ರಾತ್ರಿಯೆಲ್ಲ ದುಡಿದ ಆ ಸ್ನಾಯುಗಳು ಬೆಳಗ್ಗೆ ಬಿಗಿದು ನೋಯುತ್ತವೆ. ಅವನ್ನು ಹದವಾಗಿ ನೀವಿದರೆ ಹಾಯೆನಿಸುವುದು ಸುಳ್ಳಲ್ಲ. ಭಯ ಇಳಿದರೆ ಏದುಸಿರಿನ ಅವಸರವೂ ಇಳಿಯುತ್ತದೆ. ಇಷ್ಟು ಮಟ್ಟಿಗೆ ಕೈ ನಿಜಕ್ಕೂ ಔಷಧಿ.

ಇಷ್ಟು ಮಟ್ಟಿಗೆ ಮಾತ್ರ. ಗಾಳಿಯ ಕೊಳವೆ ಎದೆಯೊಳಗೆ ಕವಲೊಡೆಯುತ್ತ ಕವಲೊಡೆಯುತ್ತ ಸುಮಾರು 23 ಹಂತ ಇಳಿಯುತ್ತದೆ. ಉಬ್ಬಸದವನಲ್ಲಿ ಆ ಕೊಳವೆಗಳ ಒಳಗೋಡೆ ಊದಿಕೊಂಡಿರುತ್ತದೆ, ಗೋಡೆಯ ಸುತ್ತಲಿನ ಸ್ನಾಯು ಬಿಗಿದಿರುತ್ತದೆ, ದಾರಿಗೆ ಅಡ್ಡ ಲೋಳೆ ಕೂತಿರುತ್ತದೆ. ನಾವು ಹೇಳಿದ ಮಾತು ಕೇಳದ ಸ್ನಾಯು ಅದು. ಎರಡು ಮಿಲಿಮೀಟರಿಗಿಂತ ಸಣ್ಣ ಕೊಳವೆಯ ಊತಕ್ಕೆ ಬೆನ್ನಿನ ಚರ್ಮದ ಮೇಲಿನ ಬೆರಳು ಏನು ತಾನೇ ಹೇಳಬಲ್ಲದು?

ಈ ಎರಡು ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಪರೀಕ್ಷೆಯೊಂದು 2011ರಲ್ಲಿ ಬಾಸ್ಟನ್ ನಗರದ ವೈದ್ಯರಿಂದ ಬಂತು. ನನ್ನ ಹರಟೆಯ ಹೂರಣ ಇಲ್ಲಿದೆ, ಸ್ವಲ್ಪ ಗಮನವಿಟ್ಟು ಕೇಳಿ. ಉಬ್ಬಸದವರಿಗೆ ಬೇರೆಬೇರೆ ದಿನ ನಾಲ್ಕು ಉಪಚಾರ ಮಾಡಿದರು: ಕೊಳವೆ ಸಡಿಲಿಸುವ ಸಾಲ್ಬುಟಮಾಲ್ ಔಷಧಿಯ ನಿಜವಾದ ಪಂಪು, ಔಷಧಿಯೇ ಇಲ್ಲದ ಖಾಲಿ ಪಂಪು, ಚುಚ್ಚಿದ ಹಾಗೆ ಮಾಡಿ ಚುಚ್ಚದ ಹುಸಿ ಅಕ್ಯುಪಂಕ್ಚರ್, ನಾಲ್ಕನೆಯದು ಏನೂ ಮಾಡದೆ ಸುಮ್ಮನೆ ಕೂರಿಸುವುದು. ಕೊನೆಯವರೆಗೆ ಉಳಿದವರು 39 ಮಂದಿ. ಆಮೇಲೆ ಎರಡು ಪ್ರಶ್ನೆ. ಒಂದು ಯಂತ್ರಕ್ಕೆ: ಊದುವ ಶಕ್ತಿ ಎಷ್ಟು ಏರಿತು? ಇನ್ನೊಂದು ಮನುಷ್ಯನಿಗೆ: ಹೇಗನ್ನಿಸುತ್ತಿದೆ?

ಯಂತ್ರ ಹೇಳಿದ್ದು: ನಿಜವಾದ ಪಂಪಿಗೆ ನೂರಕ್ಕೆ 20ರಷ್ಟು ಏರಿಕೆ, ಉಳಿದ ಮೂರಕ್ಕೂ ಸುಮಾರು 7. ಮನುಷ್ಯರು ಹೇಳಿದ್ದು: ನಿಜವಾದ ಪಂಪಿನಿಂದ ನೂರಕ್ಕೆ 50ರಷ್ಟು ಸುಧಾರಿಸಿತು, ಖಾಲಿ ಪಂಪಿನಿಂದ 45, ಹುಸಿ ಸೂಜಿಯಿಂದ 46, ಸುಮ್ಮನೆ ಕೂತಿದ್ದಕ್ಕೆ 21. ಅಂದರೆ ಮೈ ಮುಟ್ಟಿ ಉಪಚರಿಸಿದ ನಾಟಕಕ್ಕೂ ನಿಜವಾದ ಔಷಧಿಗೂ ಮನಸ್ಸಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ ಅಂಕ. ಶ್ವಾಸಕೋಶದ ಲೆಕ್ಕದಲ್ಲಿ ಮಾತ್ರ ಒಬ್ಬರೇ ಪಾಸು. ಮೆಂಥಾಲಿನ ಮಾತು ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಇಲ್ಲಿಗೇ. "ನನಗೆ ವಾಸಿಯಾಯ್ತು ಅನ್ನಿಸಿದ್ದು ಸುಳ್ಳಾ?" ಎಂದು ಷಡ್ಡಕರ ಶಿಷ್ಯರು ಕೇಳುತ್ತಾರೆ. ಸುಳ್ಳಲ್ಲ ಸ್ವಾಮಿ, ಅನ್ನಿಸಿದ್ದು ನಿಜ. ಅಪಾಯ ಇರುವುದೂ ಅಲ್ಲೇ. ಕೊಳವೆ ಮುಚ್ಚುತ್ತಿರುವಾಗ ಹಾಯೆನಿಸಿದವನು ಆಸ್ಪತ್ರೆಗೆ ತಡವಾಗಿ ಹೊರಡುತ್ತಾನೆ.

ಜನ ಯಾಕೆ ಕೈಗಳ ಹಿಂದೆ ಹೋಗುತ್ತಾರೆ ಎಂದು ಡಾಕ್ಟರುಗಳು ಹುಬ್ಬು ಗಂಟಿಕ್ಕುವುದುಂಟು. ಅವರ ಕ್ಲಿನಿಕ್ಕಿನಲ್ಲಿ ಒಂದು ಸಲ ಕೂತು ನೋಡಲಿ. ಟೋಕನ್ ಹಿಡಿದು ಒಂದೂವರೆ ಗಂಟೆ ಕಾದವನಿಗೆ ಒಳಗೆ ಸಿಗುವುದು ಐದು ನಿಮಿಷ. ಅದರಲ್ಲಿ ಮೂರು ನಿಮಿಷ ಡಾಕ್ಟರು ಕಂಪ್ಯೂಟರ್ ಮುಟ್ಟುತ್ತಾರೆ, ಪೇಷಂಟನ್ನು ಮುಟ್ಟುವುದು ಸ್ಟೆತಾಸ್ಕೋಪಿನ ಬಿಲ್ಲೆ ಮಾತ್ರ, ಅದೂ ಶರ್ಟಿನ ಮೇಲಿಂದ. ಪಾದ ಒತ್ತುವವನು ಮುಕ್ಕಾಲು ಗಂಟೆ ಕಾಲು ಹಿಡಿದುಕೊಂಡು, ಯಾವಾಗಿನಿಂದ, ಮನೆಯಲ್ಲಿ ಯಾರಿದ್ದಾರೆ, ನಿದ್ದೆ ಬರುತ್ತಾ ಎಂದು ಕೇಳುತ್ತಾನೆ. ಔಷಧಿ ಒಂದು ಕಡೆ, ಅಕ್ಕರೆ ಇನ್ನೊಂದು ಕಡೆ ಮಾರಾಟಕ್ಕಿದ್ದರೆ ಜನ ಎರಡೂ ಅಂಗಡಿಗೆ ಹೋಗುತ್ತಾರೆ. ತಪ್ಪೇನು?

ಒಂದು ಅಂಗಡಿಗೆ ಹೋಗಿ ಇನ್ನೊಂದರ ಬಾಗಿಲು ಮುಚ್ಚಿಸುವುದು ತಪ್ಪು. ಷಡ್ಡಕರ ಶಿಬಿರಗಳ ಕೊನೆಯ ದಿನ ತಪ್ಪದೆ ಬರುವ ಉಪದೇಶ ಅದೇ: "ಪಂಪು ಬಿಟ್ಬಿಡಿ, ಚಟ ಆಗತ್ತೆ, ತುಂಬಾ ಸ್ಟ್ರಾಂಗು." ಇದರ ಲೆಕ್ಕ ಒಮ್ಮೆ ಹಾಕಿಬಿಡೋಣ. ಸಾಲ್ಬುಟಮಾಲ್ ಪಂಪು ಒಂದು ಸಲ ಒತ್ತಿದರೆ ಬರುವ ಔಷಧಿ 100 ಮೈಕ್ರೋಗ್ರಾಂ. ಅದೇ ಔಷಧಿಯ ಮಾತ್ರೆ 4 ಮಿಲಿಗ್ರಾಂ. ಅಂದರೆ ಒಂದು ಮಾತ್ರೆ ನುಂಗಿದವನು 40 ಪಫ್ ನುಂಗಿದ ಹಾಗೆ, ಅದೂ ಹೊಟ್ಟೆ, ರಕ್ತ, ಹೃದಯ ಎಲ್ಲ ಸುತ್ತಿಸಿಕೊಂಡು. ನೇರ ಕೊಳವೆಗೆ ಹೋಗುವ ಚಿಟಿಕೆ ಔಷಧಿ ಸ್ಟ್ರಾಂಗು, ಊರೆಲ್ಲ ಸುತ್ತುವ ಮಾತ್ರೆ ಸೌಮ್ಯ! ಮಾತ್ರೆಯನ್ನು ಯಾರಿಗೂ ಕಾಣದ ಹಾಗೆ ನುಂಗಬಹುದು, ಪಂಪನ್ನು ನಾಲ್ಕು ಜನರ ಎದುರು ಹೊಡೆದುಕೊಳ್ಳಬೇಕು. ನಿಜವಾದ ತಕರಾರು ಅದೇ. ಹುಡುಗಿ ನೋಡುವ ಶಾಸ್ತ್ರದ ದಿನ ಪಂಪು ಬೀರುವಿನ ಸೀರೆಗಳ ಅಡಿಗೆ ಹೋಗುವ ಮನೆಗಳು ನಮ್ಮಲ್ಲಿ ಈಗಲೂ ಇವೆ.

ಈ ಪಂಪು ಹುಟ್ಟಿದ್ದೂ ಮನೆಯೊಳಗಿನ ಒಂದು ಮಾತಿನಿಂದಲೇ. 1955ರಲ್ಲಿ ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಎಂಬ ಔಷಧಿ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ನನ ಹದಿಹರೆಯದ ಮಗಳಿಗೆ ಉಬ್ಬಸ. ಗಾಜಿನ ಬುರುಡೆ ಹಿಸುಕಿ ಹಿಸುಕಿ ಬೇಸತ್ತ ಆಕೆ, ತಲೆಗೂದಲಿಗೆ ಹೊಡೆಯುವ ಸ್ಪ್ರೇ ಥರ ಇದನ್ನೂ ಡಬ್ಬಿಯಲ್ಲಿ ತುಂಬಿಕೊಡಬಾರದೇಕೆ ಎಂದು ಅಪ್ಪನನ್ನು ಕೇಳಿದಳು. ಮರುವರ್ಷವೇ ಡಬ್ಬಿ ಅಂಗಡಿಗೆ ಬಂತು. ಸಾಲ್ಬುಟಮಾಲ್ ಅದರೊಳಗೆ ಬಂದದ್ದು 1969ರಲ್ಲಿ. ನಮ್ಮಲ್ಲಿ ಮಕ್ಕಳು ಅಪ್ಪನನ್ನು ಇಂಥದ್ದು ಕೇಳುವುದಿಲ್ಲ, ಕೇಳಿದರೆ ಅಪ್ಪ ಷಡ್ಡಕನನ್ನು ಕೇಳುತ್ತಾನೆ.

ತಮಾಷೆ ಸಾಕು, ನಮ್ಮೂರಿನ ಮಾತಿಗೆ ಬರೋಣ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ವರ್ಷಾನುಗಟ್ಟಲೆ ಗಮನಿಸಿ ಲೆಕ್ಕವಿಟ್ಟರು. 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿದ್ದ ಉಬ್ಬಸ 1999ರ ಹೊತ್ತಿಗೆ 29.5ಕ್ಕೆ ಏರಿತ್ತು. ಹೊಗೆ, ಧೂಳು, ಹಾಸಿಗೆಯ ನುಸಿ, ಖಾಲಿ ಸೈಟುಗಳ ಕಾಂಗ್ರೆಸ್ ಗಿಡದ ಪರಾಗ, ಇಷ್ಟು ಗಂಟಲಿಗೆ ಇಳಿಯುವ ಊರಿನಲ್ಲಿ ಉಬ್ಬಸ ಯಾರ ಮನೆಯ ಗುಟ್ಟೂ ಅಲ್ಲ. ಬಚ್ಚಿಟ್ಟರೆ ನಷ್ಟ ನಮಗೇ. ಉಸಿರು ಕಟ್ಟಿದಾಗ ಮಾತ್ರ ಸಾಲ್ಬುಟಮಾಲಿನ ನೀಲಿ ಪಂಪು ಹೊಡೆದುಕೊಂಡು ದಿನ ತಳ್ಳುವುದೂ ಸಾಲದು. ಊತ ಇಳಿಸುವ, ಉಸಿರಿನಲ್ಲೇ ಎಳೆದುಕೊಳ್ಳುವ ಸ್ಟೀರಾಯ್ಡ್ ಬೇಕೆಂದು ಉಬ್ಬಸದ ಜಾಗತಿಕ ಮಾರ್ಗಸೂಚಿ 2019ರಿಂದ ಖಚಿತವಾಗಿ ಹೇಳುತ್ತಿದೆ. ಯಾವುದು, ಎಷ್ಟು ಎಂಬುದು ಡಾಕ್ಟರು ಬರೆದುಕೊಡಬೇಕಾದ ಮಾತು, ನಾನಾಗಲಿ ಷಡ್ಡಕರಾಗಲಿ ಅಲ್ಲ.

ಹಾಗಾದರೆ ಕೈಗಳಿಗೆ ಏನು ಕೆಲಸ? ಬೇಕಾದಷ್ಟಿದೆ. ಉಬ್ಬಸ ಹತೋಟಿಯಲ್ಲಿರುವ ದಿನ ಬೆನ್ನು ನೀವಿಸಿಕೊಳ್ಳಿ, ಪಾದ ಒತ್ತಿಸಿಕೊಳ್ಳಿ, ಮೆಂತ್ಯದ ಕಾಳು ಅಂಟಿಸಿಕೊಳ್ಳಿ, ನನ್ನ ಅಡ್ಡಿಯಿಲ್ಲ. ಒಂದೆರಡು ಎಚ್ಚರಿಕೆ ಮಾತ್ರ ಇರಲಿ. ಘಾಟು ವಾಸನೆಯೇ ಕೆಲವರಿಗೆ ಉಬ್ಬಸ ಕೆರಳಿಸುತ್ತದೆ, ಆದ್ದರಿಂದ ಮುಲಾಮು ಬಳಿಯುವ ಮುಂಚೆ ಕೇಳಿ. ಎರಡು ವರ್ಷದೊಳಗಿನ ಕೂಸಿಗೆ ಕರ್ಪೂರದ ಮುಲಾಮು ಬೇಡವೇ ಬೇಡ. ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರ ಮೂಳೆ ಸವೆದಿರಬಹುದು. ಅಂಥವರ ಕತ್ತು, ಬೆನ್ನು ಯಾರ ಕಟಕ್‌ಗೂ ಒಪ್ಪಿಸಬೇಡಿ. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು, ಪಕ್ಕೆಲುಬಿನ ಸಂದು ಒಳಗೆ ಎಳೆದುಕೊಳ್ಳುವುದು, ತುಟಿ ನೀಲಿಗಟ್ಟುವುದು ಇವು ಕಂಡರೆ ಬಿಂದು ಹುಡುಕಬೇಡಿ, ಆಂಬುಲೆನ್ಸಿಗೆ 108 ಒತ್ತಿ. ಷಡ್ಡಕರು ಒತ್ತಬೇಕಾದ ಬಿಂದುಗಳಲ್ಲಿ ಅದೂ ಒಂದು.

ಕೊನೆಗೆ, ಉಬ್ಬಸದವರ ಸಮಸ್ತ ನೆಂಟರಿಷ್ಟರಲ್ಲಿ ನನ್ನದೊಂದು ಅರಿಕೆ. ಮುಂದಿನ ಮದುವೆಯಲ್ಲಿ ನಮ್ಮಂಥವನೊಬ್ಬ ಕುರ್ಚಿ ಹಿಡಿದು ಏದುಸಿರು ಬಿಡುತ್ತಿದ್ದರೆ ಮೊದಲು "ಪಂಪು ಎಲ್ಲಿದೆ?" ಎಂದು ಕೇಳಿ. ಜೇಬಿನಲ್ಲಿದ್ದರೆ ತೆಗೆದುಕೊಡಿ, ಕಾರಿನಲ್ಲಿದ್ದರೆ ಓಡಿ ತನ್ನಿ, ನಾಲ್ಕು ಜನ ನೋಡುತ್ತಾರೆಂದು ಅವನು ಹಿಂಜರಿದರೆ ನೀವೇ ಅಡ್ಡ ನಿಂತುಕೊಳ್ಳಿ. ಅವನು ಅದನ್ನು ಹೊಡೆದುಕೊಂಡ ಮೇಲೆ ನಿಮಗೆ ತೋಚಿದ ಕಡೆ, ತೋಚಿದಷ್ಟು ಹೊತ್ತು, ಮೆಲ್ಲಗೆ ನೀವಿ. ಪಾದ ಮಾತ್ರ ಬೇಡ. ಊಟದ ಎಲೆ ಹಾಕಿರುತ್ತಾರೆ.